ಪೇಟೆಯ ಬೆನ್ನಿಗೇ ಹಿಮದ ಬೆಟ್ಟ

ವ್ಯಾಂಕೂವರ್ ನಗರಕ್ಕೆ ಅಂಟಿಕೊಂಡಿರುವ ಸೀಮೋರ್ ಬೆಟ್ಟದಲ್ಲಿ ಬೂಟಿಗೆ ಸ್ನೋಶೂ ಎಂಬ ಅಗಲ ಹಿಮಪಾದುಕೆ ಕಟ್ಟಿ ನಡೆಯುವ ಸುಖ ದೊಡ್ಡದು. ಆ ಸುಖಕ್ಕೆ ಬೇಕಾದ ತಿಳಿವಳಿಕೆಯೂ ಅಷ್ಟೇ ದೊಡ್ಡದು.

ನಮ್ಮ ನಂದಿಬೆಟ್ಟದ ಎತ್ತರ 1,478 ಮೀಟರ್. ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ವ್ಯಾಂಕೂವರ್ ನಗರದ ಉತ್ತರಕ್ಕಿರುವ ಮೌಂಟ್ ಸೀಮೋರ್ ಅದಕ್ಕಿಂತ ತುಸು ಗಿಡ್ಡ, 1,449 ಮೀಟರ್. ಆದರೆ ನಂದಿಬೆಟ್ಟಕ್ಕೆ ಬೆಳಗಿನ ಜಾವ ಹೋದವರು ಮಂಜು ನೋಡಿಕೊಂಡು ತಿಂಡಿಯ ಹೊತ್ತಿಗೆ ಊರು ಸೇರುತ್ತಾರೆ. ಸೀಮೋರ್‌ನಲ್ಲಿ ನವೆಂಬರಿನಿಂದ ಮೇ ತಿಂಗಳವರೆಗೂ ಆಳೆತ್ತರದ ಹಿಮ ಬಿದ್ದಿರುತ್ತದೆ. ಒಮ್ಮೊಮ್ಮೆ ಜೂನ್ ಮುಗಿದರೂ ಮೇಲಿನ ದಾರಿಯ ಹಿಮ ಕರಗಿರುವುದಿಲ್ಲ.

ಇದಕ್ಕೆ ಕಾರಣ ಎತ್ತರವಲ್ಲ, ಜಾಗ. ವ್ಯಾಂಕೂವರ್ ಇರುವುದು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರದ ಅಂಚಿನಲ್ಲಿ. ಪೆಸಿಫಿಕ್ ಸಾಗರದಿಂದ ತೇವ ಹೊತ್ತು ಬರುವ ಗಾಳಿ ನಗರವನ್ನು ದಾಟಿದ ಕೂಡಲೇ ಈ ಬೆಟ್ಟಸಾಲಿಗೆ ಬಡಿದು ಮೇಲೇರುತ್ತದೆ. ಸಾವಿರ ಮೀಟರ್ ಏರುವಷ್ಟರಲ್ಲಿ ಅದರ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುತ್ತದೆ. ನಗರದ ರಸ್ತೆಗಳಲ್ಲಿ ಐದಾರು ಡಿಗ್ರಿಯ ಚಳಿಯಲ್ಲಿ ಜಿಟಿಜಿಟಿ ಮಳೆ ಹಿಡಿದಿರುವಾಗಲೇ ಬೆಟ್ಟದ ಮೇಲೆ ಅದೇ ಮಳೆ ಹಿಮವಾಗಿ ಬೀಳುತ್ತಿರುತ್ತದೆ. ಕೊಡೆ ಹಿಡಿದು ಮನೆ ಬಿಟ್ಟವರು ಕಾರಿನಲ್ಲಿ ಮುಕ್ಕಾಲು ಗಂಟೆ ಕಳೆಯುವುದರೊಳಗೆ ಬೇರೆಯದೇ ಋತುವಿನಲ್ಲಿ ಕಾಲಿಡುತ್ತಾರೆ.

ಈ ಬೆಟ್ಟದ ಬಗ್ಗೆ ಹೇಳಬೇಕಾದ ಮುಖ್ಯ ಮಾತು ಇಲ್ಲಿಯೇ ಇದೆ. ಸೀಮೋರ್ ದೂರದಲ್ಲಿದ್ದಿದ್ದರೆ ಜನ ಅದಕ್ಕೆ ಅಂಜಿ ತಯಾರಾಗಿ ಹೋಗುತ್ತಿದ್ದರು. ಕಿಟಕಿಯಿಂದ ಕಾಣುವಷ್ಟು ಹತ್ತಿರವಿರುವುದರಿಂದ ಉದ್ಯಾನಕ್ಕೆ ಹೊರಟಂತೆ ಹೊರಟುಬಿಡುತ್ತಾರೆ. ಹತ್ತಿರವೆಂದ ಮಾತ್ರಕ್ಕೆ ಬೆಟ್ಟ ಸಲೀಸಾಗುವುದಿಲ್ಲ.

ಬೆಟ್ಟದ ಮುಂದೊಂದು ಮುಖ, ಹಿಂದೊಂದು ಮುಖ

ವ್ಯಾಂಕೂವರಿನ ಉತ್ತರಕ್ಕಿರುವ ಈ ಸಾಲಿಗೆ ನಾರ್ತ್ ಶೋರ್ ಪರ್ವತಗಳು ಎಂದು ಹೆಸರು. ಸೈಪ್ರಸ್, ಗ್ರೌಸ್ ಮತ್ತು ಸೀಮೋರ್ ಎಂಬ ಮೂರು ಕಡೆ ಸ್ಕೀ ತಾಣಗಳಿವೆ. ಇದು ಟ್ಸ್ಲೇಲ್-ವಾಟುತ್, ಸ್ಕ್ವಾಮಿಶ್ ಮತ್ತು ಮಸ್ಕ್ವಿಯಂ ಮೂಲನಿವಾಸಿ ಸಮುದಾಯಗಳ ನೆಲ. ಬೆಟ್ಟದ ಈಗಿನ ಹೆಸರು 1864ರಿಂದ 1869ರವರೆಗೆ ಬ್ರಿಟಿಷ್ ಕೊಲಂಬಿಯಾದ ಗವರ್ನರ್ ಆಗಿದ್ದ ಫ್ರೆಡರಿಕ್ ಸೀಮೋರ್‌ನದು. 1907ರಲ್ಲಿ ಹುಟ್ಟಿದ ಇಲ್ಲಿನ ಪರ್ವತಾರೋಹಿಗಳ ಸಂಘದವರು ಮರುವರ್ಷವೇ ಈ ಶಿಖರ ಹತ್ತಿದರು. 1936ರಲ್ಲಿ ಇದು ಪ್ರಾಂತೀಯ ಉದ್ಯಾನವಾಯಿತು, ಈಗ ಅದರ ವಿಸ್ತಾರ ಸುಮಾರು 3,500 ಹೆಕ್ಟೇರ್. ಅಂದಿನಿಂದ ಇದು ನಗರದವರ ವಾರಾಂತ್ಯದ ಬೆಟ್ಟ.

ಉದ್ಯಾನದ ದ್ವಾರದಿಂದ ತಿರುವು ಮುರುವಿನ ರಸ್ತೆ ಸುಮಾರು ಸಾವಿರ ಮೀಟರ್ ಎತ್ತರದ ವಾಹನ ನಿಲ್ದಾಣಕ್ಕೆ ತಲುಪಿಸುತ್ತದೆ. ಚಳಿಗಾಲದಲ್ಲಿ ಈ ರಸ್ತೆಗೆ ಹಿಮದ ಟೈರ್ ಬೇಕು, ಇಲ್ಲವೇ ಚಕ್ರಕ್ಕೆ ಸರಪಳಿ ಹಾಕಬೇಕು. ಅಂದರೆ ಬೆಟ್ಟದ ಮೂರರಲ್ಲಿ ಎರಡು ಪಾಲು ಎತ್ತರವನ್ನು ಕಾರೇ ಹತ್ತಿಬಿಡುತ್ತದೆ. ಕಾಲಿಗೆ ಉಳಿಯುವುದು ನಾನೂರು ಐವತ್ತು ಮೀಟರ್ ಮಾತ್ರ. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದ ಕಾಲುಗಳಿಗೆ ಇದೇನು ಮಹಾ ಎನ್ನಿಸುವುದು ಸಹಜ. ಓದಿಗೆಂದೋ ಸಾಫ್ಟ್‌ವೇರ್ ಕೆಲಸಕ್ಕೆಂದೋ ಬಂದು ವ್ಯಾಂಕೂವರ್, ಬರ್ನಬಿ, ಸರ್‍ರೆಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಪಶ್ಚಿಮ ಘಟ್ಟದ ಅನುಭವ ಇಲ್ಲಿ ಧೈರ್ಯ ಕೊಡುತ್ತದೆ. ಆದರೆ ಘಟ್ಟದಲ್ಲಿ ಸೋಲಿಸುವುದು ಏರು ಮತ್ತು ಬಿಸಿಲು. ಇಲ್ಲಿ ಸೋಲಿಸುವುದು ಚಳಿ, ಕತ್ತಲೆ ಮತ್ತು ದಿಕ್ಕು.

ಬೆಟ್ಟದ ದಕ್ಷಿಣಕ್ಕೆ ನಗರದ ದೀಪಗಳಿವೆ. ಉತ್ತರಕ್ಕೆ ತಿರುಗಿದರೆ ರಸ್ತೆಯಿಲ್ಲದ, ಮನೆಯಿಲ್ಲದ, ಫೋನಿಗೆ ಸಿಗ್ನಲ್ ಸಿಗದ ಬೆಟ್ಟಗಳ ಮೇಲೆ ಬೆಟ್ಟ. ಆ ಕಾಡು ಎಷ್ಟು ದಟ್ಟವೆಂಬುದಕ್ಕೆ ಒಂದು ದುರಂತ ಸಾಕ್ಷಿ. 1947ರ ಏಪ್ರಿಲ್ 28ರಂದು ಹದಿನೈದು ಜನರಿದ್ದ ಟ್ರಾನ್ಸ್-ಕೆನಡಾ ಏರ್‌ಲೈನ್ಸ್‌ನ ಲೋಡ್‌ಸ್ಟಾರ್ ವಿಮಾನ ವ್ಯಾಂಕೂವರಿನಲ್ಲಿ ಇಳಿಯುವ ಹೊತ್ತಿಗೆ ಕಣ್ಮರೆಯಾಯಿತು. ಅವಶೇಷ ಸಿಕ್ಕಿದ್ದು 1994ರಲ್ಲಿ, ಇದೇ ಉದ್ಯಾನದೊಳಗಿನ ಮೌಂಟ್ ಎಲ್ಸೆ ಎಂಬ ಬೆಟ್ಟದಲ್ಲಿ. ದೊಡ್ಡ ನಗರವೊಂದರ ಬೆನ್ನಿಗೇ ಇದ್ದ ವಿಮಾನ 47 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಸ್ನೋಶೂ ಮಾಡುವ ಕೆಲಸ

ಕೆಸರುಗದ್ದೆಯಲ್ಲಿ ನಡೆದವರಿಗೆ ಮೆತ್ತನೆಯ ಹಿಮದಲ್ಲಿ ನಡೆಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಇಟ್ಟ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಅದನ್ನು ಕಿತ್ತು ಮುಂದಿಡುವಷ್ಟರಲ್ಲಿ ಇನ್ನೊಂದು ಕಾಲು ಹೂತಿರುತ್ತದೆ. ಇದಕ್ಕೆ ಉಪಾಯ ದೇಹದ ಭಾರವನ್ನು ಹೆಚ್ಚು ಜಾಗಕ್ಕೆ ಹಂಚುವುದು. ಬೆನ್ನಚೀಲ ಸೇರಿ ಎಂಬತ್ತು ಕಿಲೋ ತೂಗುವ ಒಬ್ಬರನ್ನು ತೆಗೆದುಕೊಳ್ಳಿ. ಬೂಟಿನ ಅಡಿಭಾಗ ಸುಮಾರು 300 ಚದರ ಸೆಂಟಿಮೀಟರ್. ಅರವತ್ಮೂರು ಸೆಂ.ಮೀ. ಉದ್ದ, ಇಪ್ಪತ್ತು ಸೆಂ.ಮೀ. ಅಗಲದ ಸ್ನೋಶೂವಿನದು ಸುಮಾರು 1,200. ಹಿಮದ ಮೇಲೆ ಬೀಳುವ ಒತ್ತಡ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೊಸ ಹಿಮದಲ್ಲಿ ಆಗಲೂ ಕಾಲು ಸ್ವಲ್ಪ ಹೂತುಹೋಗುತ್ತದೆ, ಆದರೆ ನಡಿಗೆ ಸಾಧ್ಯವಾಗುತ್ತದೆ.

ಈ ಜಾಣ್ಮೆ ಉತ್ತರ ಅಮೆರಿಕದ ಮೂಲನಿವಾಸಿಗಳದು. ಬಿಳಿ ಆ್ಯಶ್ ಮರದ ಪಟ್ಟಿಯನ್ನು ಹಬೆಯಲ್ಲಿ ಬಗ್ಗಿಸಿ ಚೌಕಟ್ಟು ಮಾಡಿ, ನಡುವೆ ಹಸಿ ಚರ್ಮದ ದಾರದಿಂದ ಬಲೆ ಹೆಣೆಯುತ್ತಿದ್ದರು. ಬಯಲಿನಲ್ಲಿ ದೂರ ಹೋಗುವವರಿಗೆ ಉದ್ದನೆಯ ಆಕಾರ, ಪೊದೆಕಾಡಿನಲ್ಲಿ ತಿರುಗುವವರಿಗೆ ಗಿಡ್ಡನೆಯ ದುಂಡು ಆಕಾರ. ಕ್ರೀ, ಒಜಿಬ್ವೆ ಮುಂತಾದ ಸಮುದಾಯಗಳಿಗೆ ಚಳಿಗಾಲದಲ್ಲಿ ಬೇಟೆ, ವ್ಯಾಪಾರ, ನೆಂಟರ ಮನೆಯ ದಾರಿ ಎಲ್ಲವೂ ಇದರ ಮೇಲೆ ನಿಂತಿತ್ತು. ಇಂದಿನ ಸ್ನೋಶೂಗೆ ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಮೈ, ಅಡಿಯಲ್ಲಿ ಜಾರದಂತೆ ಕಚ್ಚುವ ಲೋಹದ ಹಲ್ಲು. ಸಾಮಾನು ಬದಲಾಗಿದೆ, ತತ್ವ ಅದೇ ಇದೆ.

ನಡಿಗೆ ಕಲಿಯಲು ಹೆಚ್ಚು ಹೊತ್ತು ಬೇಕಿಲ್ಲ. ಕಾಲುಗಳ ನಡುವೆ ತುಸು ಅಂತರ ಬಿಟ್ಟು ನಡೆಯಬೇಕು, ಇಲ್ಲದಿದ್ದರೆ ಒಂದರ ಅಂಚನ್ನು ಇನ್ನೊಂದು ತುಳಿಯುತ್ತದೆ. ಏರಿನಲ್ಲಿ ಮುಂಗಾಲನ್ನು ಹಿಮಕ್ಕೆ ಒದ್ದು ಹಲ್ಲು ಊರಬೇಕು. ಇಳಿಜಾರಿನಲ್ಲಿ ಮಂಡಿ ಸಡಿಲಿಸಿ ಭಾರವನ್ನು ಹಿಮ್ಮಡಿಗೆ ಬಿಡಬೇಕು. ಹಿಂದಕ್ಕೆ ಹೆಜ್ಜೆ ಹಾಕಲು ಹೋದರೆ ಬಾಲ ಸಿಕ್ಕಿ ಬೀಳುವುದು ಖಚಿತ, ಅರ್ಧವೃತ್ತದಲ್ಲಿ ತಿರುಗಿಯೇ ಹಿಂದಿರುಗಬೇಕು. ಕೈಯಲ್ಲಿ ಅಗಲ ಬಿಲ್ಲೆಯಿರುವ ಊರುಗೋಲು ಇದ್ದರೆ ಸಮತೋಲನ ಸಲೀಸು.

ಎಲ್ಲ ದಿನವೂ ಸ್ನೋಶೂ ಬೇಕೆಂದಿಲ್ಲ. ಈ ಕರಾವಳಿಯ ಹಿಮ ಒದ್ದೆ, ಭಾರ. ಮಳೆ ಬಿದ್ದು ರಾತ್ರಿ ಹೆಪ್ಪುಗಟ್ಟಿದರೆ ಕಾಲುದಾರಿ ಗಾಜಿನಷ್ಟು ನುಣುಪಾಗುತ್ತದೆ. ಅಂಥ ದಿನ ಬೂಟಿಗೆ ಸಿಕ್ಕಿಸುವ ಸಣ್ಣ ಮುಳ್ಳುಗಳ ಮೈಕ್ರೋಸ್ಪೈಕ್ ವಾಸಿ. ಬರಿ ಬೂಟಿನಲ್ಲಿ ಮೆತ್ತನೆಯ ಹಿಮವನ್ನು ತುಳಿಯುತ್ತ ಹೋಗುವುದಂತೂ ಬೇಡವೇ ಬೇಡ. ತುಳಿದ ಆಳವಾದ ಕುಳಿಗಳು ರಾತ್ರಿ ಗಟ್ಟಿಯಾಗಿ, ಮರುದಿನ ಬರುವವರ ಕಣಕಾಲು ಮುರಿಯುವ ಗುಂಡಿಗಳಾಗುತ್ತವೆ. ದಾರಿ ಎಲ್ಲರದೂ.

ಯಾವ ದಾರಿ, ಯಾರಿಗೆ

ಮೊದಲ ಬಾರಿ ಬರುವವರಿಗೆ ಡಾಗ್ ಮೌಂಟನ್ ದಾರಿ ಹೇಳಿ ಮಾಡಿಸಿದ್ದು. ಹೋಗಿಬರಲು ಸುಮಾರು ಐದು ಕಿ.ಮೀ., ಏರು ತೀರಾ ಕಡಿಮೆ. ಹೆಮ್‌ಲಾಕ್, ಫರ್ ಮತ್ತು ಹಳದಿ ಸೀಡರ್ ಮರಗಳ ನಡುವೆ, ಹೆಪ್ಪುಗಟ್ಟಿದ ಒಂದು ಪುಟ್ಟ ಕೊಳದ ಪಕ್ಕದಿಂದ ಹಾದು ಬಂಡೆಯ ತುದಿಗೆ ತಲುಪಿಸುತ್ತದೆ. ಅಲ್ಲಿ ನಿಂತರೆ ಇಡೀ ವ್ಯಾಂಕೂವರ್, ಬಂದರಿನ ಹಡಗುಗಳು, ಫ್ರೇಸರ್ ನದಿಯ ಮುಖಜಭೂಮಿ ಕಾಲಡಿಯಲ್ಲಿ ಹರಡಿಕೊಳ್ಳುತ್ತವೆ. ಆಕಾಶ ತಿಳಿಯಾಗಿದ್ದರೆ ಗಡಿಯಾಚೆ ಅಮೆರಿಕದ 3,286 ಮೀಟರಿನ ಮೌಂಟ್ ಬೇಕರ್ ಕೂಡ ಕಾಣುತ್ತದೆ. ಮಕ್ಕಳನ್ನು ಕರೆದೊಯ್ಯುವವರಿಗೆ ಇನ್ನೂ ಚಿಕ್ಕದಾದ ಮಿಸ್ಟರಿ ಲೇಕ್ ದಾರಿಯಿದೆ.

ಶಿಖರದ ದಾರಿ ಬೇರೆಯೇ ಬಗೆಯದು. ಹೋಗಿಬರಲು ಸುಮಾರು ಒಂಬತ್ತು ಕಿ.ಮೀ., ಬೇಸಿಗೆಯಲ್ಲಿ ಐದು ಗಂಟೆ. ಮೊದಲರ್ಧ ಸ್ಕೀ ತಾಣದ ಅಂಚಿನಲ್ಲೇ ಸಾಗುತ್ತದೆ. ಸ್ಕೀ ಮಾಡುವವರ ಜಾಡಿಗೆ ಇಳಿಯದೆ, ನೆಟ್ಟಿರುವ ಗಳಗಳ ಗುರುತು ಹಿಡಿದು ಹೋಗಬೇಕು. ಬ್ರಾಕ್ಟನ್ ಪಾಯಿಂಟ್ ದಾಟಿದ ಮೇಲೆ ಮರಗಳು ಗಿಡ್ಡವಾಗಿ, ವಿರಳವಾಗಿ, 1,407 ಮೀಟರಿನ ಫಸ್ಟ್ ಪಂಪ್ ಪೀಕ್ ಸಿಗುತ್ತದೆ. ಪೂರ್ವಕ್ಕೆ ಇಂಡಿಯನ್ ಆರ್ಮ್ ಎಂಬ ಕಡಲತೋಳು, ಪಶ್ಚಿಮಕ್ಕೆ ಜಾರ್ಜಿಯಾ ಜಲಸಂಧಿ, ಉತ್ತರಕ್ಕೆ ಕೊನೆಯಿಲ್ಲದ ಬಿಳಿ ಶಿಖರಗಳು. ನಗರದ ಇಷ್ಟು ಹತ್ತಿರ ಇಷ್ಟು ದೊಡ್ಡ ನೋಟ ಸಿಗುವ ಜಾಗ ಜಗತ್ತಿನಲ್ಲೇ ಕಡಿಮೆ.

ಬಹಳ ಜನ ಇಲ್ಲಿಂದಲೇ ಹಿಂದಿರುಗುತ್ತಾರೆ, ಹಿಂದಿರುಗುವುದೇ ಸರಿ. ಮುಂದಿನ ಎರಡನೆಯ ಶಿಖರಕ್ಕೂ ಅದರಾಚೆಯ ಮುಖ್ಯ ಶಿಖರಕ್ಕೂ ಕಡಿದಾದ ಇಳುಕಲುಗಳನ್ನು ಅಡ್ಡ ದಾಟಬೇಕು. ಬೇಸಿಗೆಯಲ್ಲಿ ಅಲ್ಲಿ ಕೈಯೂರಿ ಇಳಿದು ಹತ್ತಿದರೆ ಆಯಿತು. ಚಳಿಗಾಲದಲ್ಲಿ ಅದು ಹಿಮ ಕುಸಿಯುವ ನೆಲ, ಜಾರಿದರೆ ತಡೆಯುವುದು ಏನೂ ಇಲ್ಲ. ನಕಾಶೆಯಲ್ಲಿ ಒಂದೇ ಗೆರೆಯಾಗಿ ಕಾಣುವ ದಾರಿ ಋತು ಬದಲಾದಾಗ ಎರಡು ದಾರಿಗಳಾಗುತ್ತದೆ. ಬೇಸಿಗೆಯಲ್ಲಿ ಹತ್ತಿದ್ದೇನೆ ಎಂಬ ನೆನಪು ಚಳಿಗಾಲಕ್ಕೆ ಅರ್ಹತೆಯಲ್ಲ.

ಹಿಮ ಯಾಕೆ ಕುಸಿಯುತ್ತದೆ

ಚಳಿಗಾಲದುದ್ದಕ್ಕೂ ಬೀಳುವ ಹಿಮ ಒಂದರ ಮೇಲೊಂದು ಪದರವಾಗಿ ಕೂರುತ್ತದೆ. ಕೆಲವು ಪದರ ಗಟ್ಟಿ, ಕೆಲವು ಸಡಿಲ. ಮಳೆ ಬಿದ್ದು ಹೆಪ್ಪುಗಟ್ಟಿದ ಜಾರುವ ಪದರದ ಮೇಲೆ ಹೊಸ ಹಿಮದ ದಪ್ಪ ಹೊದಿಕೆ ಬಿದ್ದರೆ, ಎರಡರ ನಡುವೆ ಹಿಡಿತ ಇರುವುದಿಲ್ಲ. ಅದರ ಮೇಲೆ ಒಬ್ಬ ನಡೆದರೂ ಸಾಕು, ಮೇಲಿನ ಪದರ ಬಿರುಕು ಬಿಟ್ಟು ಇಡಿಯಾಗಿ ಜಾರಬಹುದು. 30ರಿಂದ 45 ಡಿಗ್ರಿ ಓರೆಯಿರುವ ಇಳುಕಲುಗಳಲ್ಲಿ ಇದು ಹೆಚ್ಚು. ಅದಕ್ಕಿಂತ ಕಡಿದಾಗಿದ್ದರೆ ಹಿಮ ನಿಲ್ಲುವುದಿಲ್ಲ, ಸಮವಾಗಿದ್ದರೆ ಜಾರುವುದಿಲ್ಲ. ಸಾವು ತರುವ ಹಿಮಕುಸಿತಗಳಲ್ಲಿ ಬಹುಪಾಲನ್ನು ಎಬ್ಬಿಸುವುದು ಅದರಲ್ಲಿ ಸಿಕ್ಕಿಬಿದ್ದವರೇ, ಇಲ್ಲವೇ ಅವರ ಜತೆಗಾರರು.

ಎಚ್ಚರಿಕೆಯ ಗುರುತುಗಳನ್ನು ಯಾರಾದರೂ ಕಲಿಯಬಹುದು. ಒಂದೇ ದಿನದಲ್ಲಿ ಮೂವತ್ತು ಸೆಂ.ಮೀ.ನಷ್ಟು ಹೊಸ ಹಿಮ, ಜೋರು ಗಾಳಿ, ಹಿಮದ ಮೇಲೆ ಮಳೆ, ಇದ್ದಕ್ಕಿದ್ದಂತೆ ಏರಿದ ಉಷ್ಣಾಂಶ, ಕಾಲಿಟ್ಟಾಗ ನೆಲದೊಳಗಿಂದ ಬರುವ ‘ಧಪ್’ ಎಂಬ ಸದ್ದು, ಹೆಜ್ಜೆಯಿಂದ ಹೊರಟು ಓಡುವ ಬಿರುಕು. ಇವುಗಳಲ್ಲಿ ಒಂದು ಕಂಡರೂ ಇಳುಕಲು ಬಿಟ್ಟು ಮರಗಳಿರುವ ಸಮತಟ್ಟಿಗೆ ಮರಳಬೇಕು.

ಕೆನಡಾ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. 2003ರ ಫೆಬ್ರವರಿ 1ರಂದು ರೋಜರ್ಸ್ ಪಾಸ್ ಬಳಿ ಶಾಲಾ ಪ್ರವಾಸದಲ್ಲಿದ್ದ ಏಳು ವಿದ್ಯಾರ್ಥಿಗಳು ಹಿಮಕುಸಿತಕ್ಕೆ ಬಲಿಯಾದರು. ಆ ನೋವಿನ ನಂತರ ಇಡೀ ದೇಶದ ವ್ಯವಸ್ಥೆ ಬದಲಾಯಿತು. ಜನಸಾಮಾನ್ಯರಿಗೆ ಹಿಮದ ಮುನ್ಸೂಚನೆ ಕೊಡಲು 2004ರಲ್ಲಿ ರಾಷ್ಟ್ರೀಯ ಸಂಸ್ಥೆ ಹುಟ್ಟಿತು, ಈಗ ಅದರ ಹೆಸರು ಅವಲಾಂಚ್ ಕೆನಡಾ. ಬೆಟ್ಟದ ನೆಲವನ್ನು ‘ಸರಳ’, ‘ಸವಾಲಿನದು’, ‘ಸಂಕೀರ್ಣ’ ಎಂದು ವಿಂಗಡಿಸುವ ಪದ್ಧತಿಯೂ ಆಗಲೇ ಬಂತು. ಚಳಿಗಾಲದಲ್ಲಿ ಪ್ರತಿದಿನ ಅಪಾಯವನ್ನು ಐದು ಹಂತಗಳಲ್ಲಿ ಪ್ರಕಟಿಸುತ್ತಾರೆ. ಮೂರನೆಯ ಹಂತವನ್ನು ‘ಮಧ್ಯದ್ದು ತಾನೆ’ ಎಂದು ಹಗುರವಾಗಿ ಕಾಣುವುದು ಅಪಾಯಕಾರಿ. ಆ ಹಂತದಲ್ಲೇ ಮನುಷ್ಯರ ಓಡಾಟದಿಂದ ಹಿಮ ಕುಸಿಯುವ ಸಂಭವ ಹೆಚ್ಚೆಂದು ಅದರ ಅರ್ಥ.

ಹಿಮದಡಿ ಹೂತವರ ಬದುಕು ನಿಮಿಷಗಳ ಲೆಕ್ಕ. ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಹೆಚ್ಚಿನವರು ಉಳಿಯುತ್ತಾರೆ, ಆಮೇಲೆ ಉಸಿರು ಕಟ್ಟಿ ಆಸೆ ಕುಸಿಯುತ್ತದೆ. ಹೊರಗಿನ ನೆರವು ಅಷ್ಟು ಬೇಗ ಬರಲಾರದು, ಕಾಪಾಡಬೇಕಾದವರು ಜತೆಯಲ್ಲಿ ನಡೆಯುತ್ತಿದ್ದವರೇ. ಅದಕ್ಕಾಗಿ ಮೂರು ಸಾಮಾನು ಪ್ರತಿಯೊಬ್ಬರ ಬಳಿಯೂ ಇರಬೇಕು: 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸುವ ಟ್ರಾನ್ಸೀವರ್, ಹಿಮದೊಳಗೆ ಚುಚ್ಚಿ ನೋಡುವ ಉದ್ದನೆಯ ಸಲಾಕೆ, ಸಲಿಕೆ. ಇವನ್ನು ಬಳಸಲು ಕಲಿಸುವ ಎರಡು ದಿನದ ಪ್ರಾಥಮಿಕ ತರಬೇತಿಯಿದೆ. ಫಸ್ಟ್ ಪಂಪ್‌ನ ಆಚೆಗೆ ಕನಸು ಕಾಣುವವರು ಮೊದಲು ಅದನ್ನು ಮುಗಿಸಬೇಕು.

ಇಳಿಯುವ ಆಸೆ

ಹಿಮಕುಸಿತಕ್ಕಿಂತ ಹೆಚ್ಚು ಜನ ಇಲ್ಲಿ ತೊಂದರೆಗೆ ಸಿಕ್ಕುವುದು ಸರಳ ಕಾರಣಕ್ಕೆ: ದಾರಿ ತಪ್ಪಿ, ಕತ್ತಲಾಗಿ, ಒದ್ದೆಯಾಗಿ. ಡಿಸೆಂಬರಿನಲ್ಲಿ ವ್ಯಾಂಕೂವರಿನ ಹಗಲು ಎಂಟು ಗಂಟೆಗೆ ತುಸು ಹೆಚ್ಚು ಅಷ್ಟೇ. ಸಂಜೆ ನಾಲ್ಕೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಕಾಡೊಳಗೆ ಅದಕ್ಕೂ ಮೊದಲೇ ಮಬ್ಬು ಕವಿಯುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಬೆಟ್ಟಕ್ಕೆ ಹೊರಟವರು ಕತ್ತಲೆಗೇ ಹೊರಟಂತೆ. ಸಮುದ್ರದಿಂದ ಏರಿ ಬರುವ ಮೋಡ ಕೆಲವೇ ನಿಮಿಷಗಳಲ್ಲಿ ದಾರಿಗುರುತುಗಳನ್ನು ನುಂಗುತ್ತದೆ. ಹಿಂದಿನ ಹೆಜ್ಜೆಗಳ ಮೇಲೆ ಹೊಸ ಹಿಮ ಬೀಳುತ್ತಿರುತ್ತದೆ.

ಆಗ ಮನಸ್ಸು ಹೇಳುವುದು ಒಂದೇ ಮಾತು: ಕೆಳಗೆ ನಗರವಿದೆ, ಹಳ್ಳ ಹಿಡಿದು ಇಳಿದರೆ ಊರು ಸೇರುತ್ತೇವೆ. ಈ ಬೆಟ್ಟಸಾಲಿನಲ್ಲಿ ಅದಕ್ಕಿಂತ ಕೆಟ್ಟ ನಿರ್ಧಾರ ಇನ್ನೊಂದಿಲ್ಲ. ಇಲ್ಲಿನ ಹಳ್ಳಗಳು ಇಳಿಯುತ್ತ ಇಳಿಯುತ್ತ ಕಮರಿಯಾಗಿ, ಕೊನೆಗೆ ಜಲಪಾತವಾಗಿ ಮುಗಿಯುತ್ತವೆ. ಮುಂದೆ ಹೋಗಲಾಗದೆ, ಹಿಂದೆ ಹತ್ತಲಾಗದೆ ಜನ ಸಿಕ್ಕಿಕೊಳ್ಳುವುದು ಹೀಗೆ. ದಾರಿ ತಪ್ಪಿತೆಂದು ಗೊತ್ತಾದ ಕೂಡಲೇ ನಿಲ್ಲಬೇಕು. ಬಂದ ಹೆಜ್ಜೆ ಕಾಣುತ್ತಿದ್ದರೆ ಅದನ್ನೇ ಹಿಡಿದು ಮರಳಬೇಕು. ಕಾಣದಿದ್ದರೆ 911ಕ್ಕೆ ಕರೆ ಮಾಡಿ, ಬೆಚ್ಚಗೆ ಹೊದ್ದು ಅಲ್ಲೇ ಕಾಯಬೇಕು.

ಕಾಯುವ ಶಕ್ತಿ ಬರುವುದು ಬೆನ್ನಚೀಲದಿಂದ. ಮೈಗೆ ಅಂಟಿ ಉಣ್ಣೆಯ ಅಥವಾ ಸಿಂಥೆಟಿಕ್ ಒಳಬಟ್ಟೆ, ಅದರ ಮೇಲೆ ಬೆಚ್ಚನೆಯದು, ಹೊರಗೆ ಗಾಳಿ ನೀರು ತಡೆಯುವ ಜಾಕೆಟ್. ಹತ್ತಿಯ ಬಟ್ಟೆ, ಜೀನ್ಸ್ ಬೇಡ. ಬೆವರಿಗೋ ಹಿಮಕ್ಕೋ ಒದ್ದೆಯಾದ ಹತ್ತಿ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ದೇಹದೊಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೊಥರ್ಮಿಯಾ. ಮೊದಲು ನಡುಕ, ಆಮೇಲೆ ಎಡವುವ ಕಾಲು, ತೊದಲುವ ಮಾತು, ಕೊನೆಗೆ ಸರಿಯಾಗಿ ಯೋಚಿಸುವ ಶಕ್ತಿಯೇ ಹೋಗುತ್ತದೆ. ತಲೆಗೆ ಕಟ್ಟುವ ಟಾರ್ಚ್, ಇನ್ನೊಂದು ಜೊತೆ ಕೈಗವಸು, ಊಟ, ಬಿಸಿನೀರು, ನಕಾಶೆ, ತುರ್ತು ಹೊದಿಕೆ ಇರಲೇಬೇಕು. ಚಳಿಯಲ್ಲಿ ಫೋನಿನ ಬ್ಯಾಟರಿ ಬೇಗ ಸೋಲುವುದರಿಂದ ಅದನ್ನು ಒಳಜೇಬಿನಲ್ಲಿ ಬೆಚ್ಚಗಿಡಬೇಕು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಮನೆಯಲ್ಲಿ ಒಬ್ಬರಿಗೆ ಹೇಳಿರಬೇಕು. ಖರ್ಚಿಲ್ಲದ ಈ ಕೊನೆಯ ಕೆಲಸವನ್ನೇ ಬಹಳ ಜನ ಮರೆಯುವುದು.

ಕರೆಗೆ ಓಗೊಡುವವರು

911ಕ್ಕೆ ಕರೆ ಹೋದಾಗ ಪೊಲೀಸರು ನೆರವಿಗೆ ಕೇಳುವುದು ನಾರ್ತ್ ಶೋರ್ ರೆಸ್ಕ್ಯೂ ತಂಡವನ್ನು. 1965ರಲ್ಲಿ ಶುರುವಾದ ಈ ತಂಡದವರೆಲ್ಲ ಸ್ವಯಂಸೇವಕರು, ಬೇರೆ ಬೇರೆ ಕೆಲಸದಲ್ಲಿರುವ ಊರಿನ ಜನ. ವರ್ಷಕ್ಕೆ ನೂರಕ್ಕೂ ಹೆಚ್ಚು ಸಲ ಅವರಿಗೆ ಕರೆ ಬರುತ್ತದೆ. ನಡುರಾತ್ರಿಯ ಹಿಮದಲ್ಲಿ ಹಗ್ಗ ಕಟ್ಟಿ ಕಮರಿಗೆ ಇಳಿಯುತ್ತಾರೆ. ಹವೆ ಬಿಟ್ಟರೆ ಹೆಲಿಕಾಪ್ಟರಿನಿಂದ ತೂಗುತ್ತ ಬಂದು ಎತ್ತುತ್ತಾರೆ. ಸೀಮೋರ್‌ನ ಎರಡನೆಯ ಶಿಖರಕ್ಕೆ 2017ರಿಂದ ಟಿಮ್ ಜೋನ್ಸ್ ಪೀಕ್ ಎಂದು ಅಧಿಕೃತ ಹೆಸರು. ವೃತ್ತಿಯಿಂದ ಪ್ಯಾರಾಮೆಡಿಕ್ ಆಗಿದ್ದ ಜೋನ್ಸ್ ಈ ತಂಡವನ್ನು ಬಹುಕಾಲ ಮುನ್ನಡೆಸಿದವರು, 2014ರ ಜನವರಿಯಲ್ಲಿ ಇದೇ ಬೆಟ್ಟದಲ್ಲಿ ತೀರಿಕೊಂಡರು.

ಬ್ರಿಟಿಷ್ ಕೊಲಂಬಿಯಾದಲ್ಲಿ ಈ ರಕ್ಷಣೆಗೆ ಯಾರೂ ಹಣ ಕೊಡಬೇಕಿಲ್ಲ. ಬೇಜವಾಬ್ದಾರಿ ಮಾಡಿದವರಿಂದ ವಸೂಲು ಮಾಡಿ ಎಂಬ ಕೂಗು ಆಗಾಗ ಏಳುತ್ತದೆ. ಅದನ್ನು ಮೊದಲು ವಿರೋಧಿಸುವವರು ರಕ್ಷಣಾ ತಂಡದವರೇ. ಹಣದ ಭಯವಿದ್ದರೆ ಜನ ಕರೆ ಮಾಡಲು ತಡಮಾಡುತ್ತಾರೆ. ತಡವಾದಷ್ಟೂ ಸಿಕ್ಕಿಕೊಂಡವರಿಗೂ ಹುಡುಕುವವರಿಗೂ ಅಪಾಯ ಹೆಚ್ಚು ಎಂಬುದು ಅವರ ವಾದ. ಆ ವಾದ ನೂರಕ್ಕೆ ನೂರು ಸರಿ. ಆದರೆ ಅದು ನಮ್ಮ ಮೇಲೆ ಒಂದು ಹೊಣೆಯನ್ನೂ ಹೊರಿಸುತ್ತದೆ. ಹಣದಲ್ಲಿ ತೀರಿಸಬೇಕಿಲ್ಲದ ಋಣವನ್ನು ತಯಾರಿಯಲ್ಲಿ ತೀರಿಸಬೇಕು.

ಹಾಗಾದರೆ ಭಯಪಟ್ಟು ಮನೆಯಲ್ಲಿ ಕೂರಬೇಕೆ? ಖಂಡಿತ ಬೇಡ. ಮಳೆ ಮುಸುಕಿದ ಆರು ತಿಂಗಳ ಚಳಿಗಾಲದಲ್ಲಿ, ಅದರಲ್ಲೂ ದೂರದ ದೇಶದಿಂದ ಬಂದು ಒಂಟಿತನ ಅನುಭವಿಸುವವರಿಗೆ, ಗೆಳೆಯರೊಡನೆ ಹಿಮದ ಕಾಡಿನಲ್ಲಿ ನಡೆಯುವಷ್ಟು ಒಳ್ಳೆಯ ಮದ್ದು ಇನ್ನೊಂದಿಲ್ಲ. ಬೇಕಿರುವುದು ಕ್ರಮ. ಮೊದಲ ಚಳಿಗಾಲದಲ್ಲಿ ಡಾಗ್ ಮೌಂಟನ್‌ಗೆ ಹೋಗಿ, ಸ್ನೋಶೂವನ್ನು ಬಾಡಿಗೆಗೆ ತಂದು ನಡಿಗೆ ಕಲಿಯಿರಿ. ಆಮೇಲೆ ಬಲ್ಲವರ ಜೊತೆ, ಹಿಮದ ಮುನ್ಸೂಚನೆ ಅನುಕೂಲವಾಗಿರುವ ದಿನ ಫಸ್ಟ್ ಪಂಪ್ ಹತ್ತಿ. ತರಬೇತಿ ಪಡೆದ ಮೇಲಷ್ಟೇ ಅದರಾಚೆಗೆ ನೋಡಿ. ಎಷ್ಟು ಗಂಟೆಗೆ ಹಿಂದಿರುಗಬೇಕೆಂದು ಮನೆಯಲ್ಲೇ ಗೊತ್ತುಮಾಡಿ, ಆ ಗಂಟೆ ಬಂದಾಗ ಶಿಖರ ನೂರು ಹೆಜ್ಜೆ ದೂರವಿದ್ದರೂ ತಿರುಗಿ. ಮತ್ತು ಇದನ್ನೆಲ್ಲ ಹೊಸದಾಗಿ ಊರಿಗೆ ಬಂದವರಿಗೆ ನೀವೇ ಕಲಿಸಿ. ರಕ್ಷಣಾ ತಂಡದ ಫೋನು ಒಂದು ರಾತ್ರಿಯಾದರೂ ಸುಮ್ಮನಿರಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.